ಶಾಲಿನಿ ತೊಳೆದಿಟ್ಟ ಗೋಡೆ

೨೦೨೨ರಲ್ಲಿ ನಾನು ಅಟ್ಲಾಂಟಾ ಪಕ್ಕದ ಒಂದು ಕೌಂಟಿಯಲ್ಲಿ ಹೌಸಿಂಗ್ ಇನ್‌ಸ್ಪೆಕ್ಟರ್ ಆಗಿದ್ದೆ. ಬಾಡಿಗೆ ಮನೆಗಳು ವಾಸಕ್ಕೆ ಯೋಗ್ಯವೇ ಎಂದು ನೋಡಿ ವರದಿ ಬರೆಯುವುದು ಕೆಲಸ. ಮೊದಲೇ ತಿಳಿಸಿ ಹೋಗಬೇಕು, ಕಣ್ಣಿಗೆ ಕಂಡದ್ದನ್ನಷ್ಟೇ ಬರೆಯಬೇಕು. ಈ ನಿಯಮ ಮಾಡಿದ ಪುಣ್ಯಾತ್ಮರು ಯಾರೋ, ನನ್ನ ತಲೆ ಚಿಟ್ಟು ಹಿಡಿಸಿದರು.

ದೂರು ಬಂದದ್ದು ಎರಡು ಬೆಡ್‌ರೂಮಿನ ಒಂದು ಅಪಾರ್ಟ್‌ಮೆಂಟಿನ ಬಗ್ಗೆ. ಒಂದೇ ರೆಸ್ಟೋರೆಂಟಿನ ಇಬ್ಬರು ಅಡುಗೆಯವರ ಎರಡು ಸಂಸಾರ, ಒಟ್ಟು ಏಳು ಜನ. ಅಷ್ಟೂ ಜನರ ಸ್ನಾನ, ಅಡುಗೆ, ಒಣಹಾಕಿದ ಬಟ್ಟೆಯ ತೇವ ಹೋಗಲು ದಾರಿಯಿರಲಿಲ್ಲ. ಗೋಡೆಗೆ ಮೋಲ್ಡ್, ಅಂದರೆ ಕಪ್ಪು ಬೂಷ್ಟು ಹಿಡಿದಿತ್ತು. ಅಡುಗೆಯವರಲ್ಲೊಬ್ಬನ ಹೆಂಡತಿ, ಉಡುಪಿ ಕಡೆಯ ಶಾಲಿನಿಯ ಆರು ವರ್ಷದ ಮಗಳಿಗೆ ಅಸ್ತಮಾ ಉಲ್ಬಣಿಸಿ ಮಗುವಿನ ಡಾಕ್ಟರೇ ನಮಗೆ ದೂರಿದ್ದರು. ನಾನು ಮನೆಯ ದೋಷ ಬರೆದರೆ ಮಾಲೀಕ ರಿಪೇರಿ ಮಾಡಿಸಲೇಬೇಕು. ಬರೆಯದಿದ್ದರೆ ಫೈಲ್ ಕ್ಲೋಸ್.

ಶಾಲಿನಿಗೆ ಫೋನ್ ಮಾಡಿ ನಾಳೆ ಬರುತ್ತೇನೆ ಎಂದು ಕನ್ನಡದಲ್ಲೇ ಹೇಳಿದೆ. ಅದೇ ಎಡವಟ್ಟಾಯಿತು.

ಹೋದರೆ ಬಾಗಿಲಲ್ಲಿ ರಂಗೋಲಿ, ಒಳಗೆ ಊದುಬತ್ತಿ. ಗೋಡೆಯನ್ನು ಬ್ಲೀಚ್ ಹಾಕಿ ತಿಕ್ಕಿ ಮೇಲೊಂದು ಕೈ ಪೇಂಟ್ ಹೊಡೆದಿದ್ದಳು. ಆ ಘಾಟಿಗೆ ಮಗು ಬಿಡದೆ ಕೆಮ್ಮುತ್ತಿತ್ತು.

“ಇದೇನ್ರೀ ಶಾಲಿನಿ, ಮೋಲ್ಡ್ ಎಲ್ಲಿ?”

“ನಮ್ಮ ಕಡೆಯವರು ಫಸ್ಟ್ ಟೈಮ್ ಮನೆಗೆ ಬರುವಾಗ ಆ ಗಲೀಜು ತೋರಿಸುದು ಹೇಗೆ ಮೇಡಂ? ಕ್ಲೀನ್ ಮಾಡಿದೆ. ಕೂತ್ಕೊಳ್ಳಿ, ಕಾಫಿ ತರ್ತೇನೆ.”

ತಲೆ ಚಚ್ಚಿಕೊಳ್ಳುವುದೊಂದು ಬಾಕಿ. ನನ್ನ ಜೊತೆ ಬಂದಿದ್ದ ಮಾಲೀಕನ ಕಡೆಯ ಮ್ಯಾನೇಜರ್ ಬಿಳಿ ಗೋಡೆಯ ಫೋಟೋ ತೆಗೆದುಕೊಂಡು ನಗುತ್ತ ಹೋದ. ನಾನು ‘ಮೋಲ್ಡ್ ಕಂಡುಬಂದಿಲ್ಲ’ ಎಂದು ಬರೆದೆ.

ಕೆಲವೇ ವಾರಗಳಲ್ಲಿ ಬೂಷ್ಟು ಮರಳಿತು, ಮಗು ಎಮರ್ಜೆನ್ಸಿಗೆ ಹೋಯಿತು. ಡಾಕ್ಟರು ಮತ್ತೆ ದೂರಿದರು. ಈ ಸಲ ಫೋನಿನಲ್ಲಿ ಗದರಿದೆ: “ಗೋಡೆ ಮುಟ್ಟಬೇಡಿ. ಕಸ ಕೂಡ ಗುಡಿಸ್ಬೇಡಿ. ನಾನು ನಿಮ್ಮನೆಗೆ ನೆಂಟಸ್ತನಕ್ಕೆ ಬರ್ತಿಲ್ಲ.”

ಹೋದಾಗ ಗೋಡೆ ಮುಟ್ಟಿರಲಿಲ್ಲ. ಆದರೆ ಗೋಡೆಗೆ ಅಡ್ಡವಾಗಿ ದುಪಟ್ಟಾ ಹರಡಿಕೊಂಡು ನಿಂತಿದ್ದಳು. ಮಗಳೇ ಕೈ ಹಿಡಿದು ಎಳೆದಳು. “ಅಮ್ಮಾ, ಮೂವ್. ಆಂಟಿ ನೋಡ್ಬೇಕು.”

ನೋಡಿದೆ, ಬರೆದೆ. ಕೊಳಕಿನಲ್ಲಿ ಬದುಕುವುದನ್ನು ಜನ ಹೇಗೋ ಸಹಿಸುತ್ತಾರೆ, ಅದನ್ನು ತೋರಿಸುವುದನ್ನು ಸಹಿಸಲಾರರು ಎಂಬುದನ್ನು ಈ ಕೆಲಸ ನನಗೆ ಕಲಿಸಿತು. ಮಾನ ಹೋಗಬೇಕಾದದ್ದು ಯಾರದು, ಹೋಗುವುದು ಯಾರದು ಎಂದು ಇವತ್ತಿಗೂ ಹೊಟ್ಟೆ ಉರಿಯುತ್ತದೆ.

ರಿಪೇರಿಯವರು ಗೋಡೆ ಒಡೆದ ದಿನ ಒಳಗೆ ಸೋರಿ ಸೋರಿ ಕೊಳೆತ ಪೈಪ್ ಕಂಡಿತು. ಮ್ಯಾನೇಜರ್ ತನ್ನ ಫೋನ್ ನೋಡುತ್ತ ನಿಂತಿದ್ದ. ಅವನಿಗೆ ಸಾರಿ ಹೇಳಿದವಳು ಶಾಲಿನಿ.