ಮಡಮ್ಮನ ಉಸಿರು

ಉಡಚವ್ವನ ಕೆಲಸ ಹಾಡು ಒಡೆಯುವುದು. ನಗಬೇಡಿ, ಹತ್ತೊಂಬತ್ತುನೂರ ನಲವತ್ಮೂರರ ಹುಬ್ಬಳ್ಳಿಯಲ್ಲಿ ಅದೂ ಒಂದು ಹೊಟ್ಟೆಪಾಡಾಗಿತ್ತು. ಗ್ರಾಮೋಫೋನಿನ ಪ್ಲೇಟು ಮಾಡುವುದು ಅರಗಿನಿಂದ. ಆ ಅರಗೆಲ್ಲ ಲಡಾಯಿಯ ಪಾಲಾಗಿ, ಹಳೆಯ ಪ್ಲೇಟು ತಂದವರಿಗಷ್ಟೇ ಹೊಸ ಪ್ಲೇಟು ಎನ್ನುವ ಕಾಲ ಬಂದಿತ್ತು. ಸ್ಟೇಶನ್ ರಸ್ತೆಯ ನಿಜಾಮುದ್ದೀನಸಾಬರ ಗ್ರಾಮೋಫೋನು ಬಾಜಾದ ಅಂಗಡಿಗೆ ಜನ ಅಟ್ಟದ ಮೇಲಿನ ಪ್ಲೇಟುಗಳನ್ನೆಲ್ಲ ಗಂಟು ಕಟ್ಟಿ ತರುತ್ತಿದ್ದರು. ಕರಗಿಸುವ ಕಾರಖಾನೆಗೆ ಇಡಿಯಾಗಿ ಕಳಿಸಿದರೆ ದಾರಿಯಲ್ಲಿ ಯಾರಾದರೂ ಹೊಡೆದುಕೊಂಡಾರು ಎಂದು ಒಡೆದೇ ಚೀಲಕ್ಕೆ ತುಂಬಬೇಕು. ಅಂಗಡಿಯ ಹಿತ್ತಲಲ್ಲಿ ಕಲ್ಲೊಂದನ್ನು ಮುಂದಿಟ್ಟುಕೊಂಡು ಉಡಚವ್ವ ದಿನವಿಡೀ ಅದನ್ನೇ ಮಾಡುತ್ತಿದ್ದಳು. ಭಜನೆ, ಲಾವಣಿ, ಠುಮ್ರಿ, ನಾಟಕದ ಪದ, ಸುತ್ತಿಗೆಗೆ ಎಲ್ಲ ಒಂದೇ.

ಗೋಪನಕೊಪ್ಪದ ಅವಳ ಕೇರಿಯಲ್ಲಿ ನೆರೆಯವರು ಕಾಡುತ್ತಿದ್ದರು: "ಉಡಚವ್ವಾ, ಇವತ್ತ ಯಾರ ಗಂಟಲಾ ಮುರದ್ಯವಾ?"

"ನಿಮ್ಮದೊಂದ ಉಳದೈತಿ, ನಾಳೆ ಬರ್ರಿ" ಎನ್ನುವಳು ಉಡಚವ್ವ. ಮಾತಿಗೆ ಸೋಲುವ ಹೆಂಗಸಲ್ಲ.

ಆದರೆ ಈ ಕೆಲಸ ಅವಳಿಗೆ ಒಗ್ಗಿದ್ದಕ್ಕೆ ಬೇರೆ ಕಾರಣವಿತ್ತು. ಸುತ್ತಿಗೆಯ ಸದ್ದಿನಲ್ಲಿ ಮತ್ತೇನೂ ಕೇಳಿಸುವುದಿಲ್ಲ. ಹದಿನೇಳು ವರ್ಷಗಳಿಂದ ದೀಪ ಹಚ್ಚುವ ಹೊತ್ತಿಗೆ ಅವಳ ಗುಡಿಸಲಲ್ಲಿ ಒಂದು ಉಸಿರು ಕೇಳುತ್ತಿತ್ತು. ಹೆಣ್ಣಿನ ಉಸಿರು. ಭಾರ ಎತ್ತುವ ಮುಂಚೆ ಮೂಗಿನಿಂದ ಒಮ್ಮೆ ಎಳೆದುಕೊಳ್ಳುತ್ತಾರಲ್ಲ, ಹಾಗೆ. ಆಮೇಲೆ ಏನೂ ಇಲ್ಲ. ಆ ಏನೂ ಇಲ್ಲದ್ದನ್ನೇ ಅವಳಿಂದ ತಡೆಯಲಾಗುತ್ತಿರಲಿಲ್ಲ. ದೇವಿಗೆ ಹರಕೆ ಹೊತ್ತಳು, ದರ್ಗಾದ ತಾಯಿತ ಕಟ್ಟಿಕೊಂಡಳು, ಉಸಿರು ಹೋಗಲಿಲ್ಲ. ಅದು ಯಾರದೆಂದು ಅವಳಿಗೆ ಚೆನ್ನಾಗಿ ಗೊತ್ತಿತ್ತು. ಯಾರಿಗೂ ಹೇಳಿರಲಿಲ್ಲ, ಯಾಕೆಂದರೆ ಯಾರದೆಂದು ಹೇಳಿದರೆ ಉಳಿದದ್ದನ್ನೂ ಹೇಳಬೇಕಾಗುತ್ತಿತ್ತು.

ಆ ಉಳಿದದ್ದು ಇಷ್ಟು. ಉಡಚವ್ವನಿಗೆ ಇಪ್ಪತ್ತೊಂದರ ಪ್ರಾಯ. ಗಂಡ ಹುಲಗಪ್ಪ ರೇಲ್ವೆ ಕಾರಖಾನೆಯಲ್ಲಿ ಖಲಾಸಿ. ಅವನ ಓಡಾಟದಿಂದ ಅವಳಿಗೆ ವೇಕ್ಲಿ ಸಾಹೇಬನ ಬಂಗಲೆಯಲ್ಲಿ ಆಯಾ ಕೆಲಸ ಸಿಕ್ಕಿತು. ಮಕ್ಕಳಿಲ್ಲದ ಮನೆಗೆ ಆಯಾ ಯಾಕೆ ಎಂದು ಕೇಳಬೇಡಿ, ಸಾಹೇಬರ ಮನೆಗಳಲ್ಲಿ ನಾಯಿಗೂ ಒಬ್ಬ ಆಳು ಇರುತ್ತಿದ್ದ. ಸಾಹೇಬನ ಹೆಂಡತಿಯನ್ನು ಉಡಚವ್ವ ಮಡಮ್ಮ ಎಂದು ಕರೆಯುತ್ತಿದ್ದಳು. ಅವಳ ಕೂದಲು ಬಾಚುವುದು, ಬಟ್ಟೆ ಒಪ್ಪ ಮಾಡುವುದು, ಚಹಾ ಒಯ್ಯುವುದು.

ಸಂಜೆ ದೀಪ ಹಚ್ಚಿದ ಕೂಡಲೆ ಮಡಮ್ಮ ಆಳೆತ್ತರದ ಪಿಟೀಲೊಂದನ್ನು ಮೊಣಕಾಲ ನಡುವೆ ನಿಲ್ಲಿಸಿಕೊಂಡು ಕೂರುತ್ತಿದ್ದಳು. ಅದಕ್ಕೆ ಸೆಲ್ಲೋ ಎನ್ನುತ್ತಾರೆ. ಹೆಂಗಸು ಹಾಗೆ ಕಾಲಗಲಿಸಿ ಕೂತದ್ದು ನೋಡಿ ಉಡಚವ್ವ ಮೊದಮೊದಲು ಸೆರಗು ಬಾಯಿಗೆ ತುರುಕಿಕೊಂಡು ನಕ್ಕಿದ್ದುಂಟು. ಮಡಮ್ಮ ಒಂದು ಉಸಿರು ಎಳೆದುಕೊಳ್ಳುವಳು, ಕಮಾನು ತಂತಿಗೆ ತಾಗುವುದು, ನೆಲದಿಂದೆದ್ದ ಸದ್ದು ಅಂಗಾಲಿಗೆ ಮುಟ್ಟುವುದು. ಎರಡು ವಾರದಲ್ಲಿ ಉಡಚವ್ವನ ನಗು ನಿಂತಿತು. ದಿನಾ ಹೊಸ್ತಿಲ ಬಳಿ ಕೂತು ಕೇಳತೊಡಗಿದಳು. ಊರ ಬಾವಿಯ ಹತ್ತಿರ ಸುಳಿಯಗೊಡದಂಥ ಕುಲದವಳು ಅವಳು. ಮಡಮ್ಮ ಒಂದು ಸಂಜೆ ಅವಳನ್ನು ಕರೆದು, ಅಂಗೈಯನ್ನು ಆ ಪಿಟೀಲಿನ ಹೊಟ್ಟೆಗೆ ಹಚ್ಚಿಸಿ ಬಾರಿಸಿದಳು. ಗಬ್ಬದ ಆಕಳ ಹೊಟ್ಟೆ ಮುಟ್ಟಿದ ಹಾಗಾಯಿತು. ಅಂಥ ಮರ್ಯಾದೆ ಉಡಚವ್ವನಿಗೆ ಅದಕ್ಕೆ ಮುಂಚೆ ಯಾರೂ ಕೊಟ್ಟಿರಲಿಲ್ಲ, ಆಮೇಲೂ ಕೊಡಲಿಲ್ಲ.

ಏಳು ವರ್ಷ ಹೀಗೆ ನಡೆಯಿತು. ಇಪ್ಪತ್ತಾರರಲ್ಲಿ ಪ್ಲೇಗು ಬಂತು. ಇಲಿ ಬಿದ್ದವು, ಮಡಮ್ಮನ ಕಂಕುಳಲ್ಲಿ ಗಡ್ಡೆ ಎದ್ದಿತು. ಅವಳನ್ನು ದವಾಖಾನೆಗೆ ಒಯ್ದರು, ಸಾಹೇಬನೂ ಅವಳ ಜೊತೆಗೇ ಹೋದ. ಹಾಸಿಗೆ, ಬಟ್ಟೆ, ಪರದೆ ಎಲ್ಲ ಸುಡಬೇಕೆಂದು ಡಾಕ್ಟರನ ಅಪ್ಪಣೆ. ಉಡಚವ್ವ ಸುಟ್ಟಳು. ಕೋಣೆ ಗುಡಿಸುವಾಗ ಮೂಲೆಯಲ್ಲಿ ನಿಂತ ಪಿಟೀಲಿನ ಹಿಂದೆ ಸತ್ತ ಇಲಿ ಕಂಡಿತು. ಪಿಟೀಲಿನ ಹೊಟ್ಟೆ ಪೊಳ್ಳು, ಮುಂದೆ ಎರಡು ತೂತು. ಬೇನೆ ಇದರೊಳಗೇ ಮನೆಮಾಡಿದೆ ಎಂದು ಅವಳಿಗೆ ಖಾತ್ರಿಯಾಯಿತು. ಇದನ್ನು ಸುಟ್ಟರೆ ಮಡಮ್ಮ ಉಳಿಯುತ್ತಾಳೆ, ಬಿಟ್ಟರೆ ಇಲ್ಲ. ಕೇಳೋಣವೆಂದರೆ ಮನೆಯಲ್ಲಿ ಯಾರೂ ಇರಲಿಲ್ಲ. ಅಪ್ಪಿ ಎತ್ತಿಕೊಂಡು ಹೋಗಿ ಬೆಂಕಿಗೆ ಹಾಕಿದಳು. ತಂತಿಗಳು ಒಂದೊಂದಾಗಿ ಹರಿದವು.

ಮಡಮ್ಮ ಬದುಕಿದಳು! ತಾನು ಸುಟ್ಟದ್ದರಿಂದಲೇ ಬದುಕಿದಳೆಂದು ಉಡಚವ್ವ ಹಿಗ್ಗಿ ಹೀರೇಕಾಯಿಯಾದಳು. ತಿಂಗಳ ಮೇಲೆ ಮಡಮ್ಮ ಮನೆಗೆ ಬಂದಳು. ಗೋಡೆ ಹಿಡಿದುಕೊಂಡು ಕೋಣೆಗೆ ಹೋಗಿ ಮೂಲೆ ನೋಡಿದಳು. ಏಳು ವರ್ಷದಲ್ಲಿ ಕಲಿತಿದ್ದ ಹರಕು ಕನ್ನಡದಲ್ಲಿ ಕೇಳಿದಳು: "ಎಲ್ಲಿ ಐತಿ?"

ಆ ಮುಖ ನೋಡಿದ ಕೂಡಲೆ ಉಡಚವ್ವನ ಹಿಗ್ಗು ಇಳಿದುಹೋಯಿತು. ಬಾಯಿ ತಾನಾಗಿ ಹೇಳಿತು: "ಡಾಕ್ಟರ ಸಾಹೇಬ್ರು ಸುಡು ಅಂದ್ರರೀ."

ಮಡಮ್ಮ ಅಳಲಿಲ್ಲ. ಅತ್ತಿದ್ದರೆ, ಬೈದಿದ್ದರೆ, ಕೆಲಸ ಬಿಡಿಸಿದ್ದರೆ ಉಡಚವ್ವ ಇಷ್ಟರಲ್ಲಿ ಮರೆತಿರುತ್ತಿದ್ದಳು. ಮುಂಬಯಿಯಿಂದ ಬೇರೆ ತರಿಸುತ್ತೇನೆಂದ ಗಂಡನಿಗೆ ಮಡಮ್ಮ ಬೇಡವೆಂದು ತಲೆಯಾಡಿಸಿದಳು. ಸಂಜೆ ದೀಪ ಹಚ್ಚಿದ ಮೇಲೆ ಅದೇ ಕುರ್ಚಿಯಲ್ಲಿ ಅದೇ ರೀತಿ ಕೂತಳು. ಉಸಿರು ಎಳೆದುಕೊಂಡಳು. ಕೈ ಗಾಳಿಯಲ್ಲಿ ಅತ್ತಿತ್ತ ಆಡಿತು. ಸದ್ದಿಲ್ಲ. ನಾಲ್ಕು ತಿಂಗಳು, ಒಂದು ಸಂಜೆಯೂ ತಪ್ಪದೆ. ಮಳೆಗಾಲದಲ್ಲಿ ಮತ್ತೆ ಜ್ವರ ಹಿಡಿಯಿತು, ಈ ಸಲ ಏಳಲಿಲ್ಲ. ಮಣ್ಣು ಮಾಡಿದ ದಿನ ಉಡಚವ್ವ ದೂರ ನಿಂತು ನೋಡಿದಳು, ಕಣ್ಣಲ್ಲಿ ಒಂದು ಹನಿ ಬರಲಿಲ್ಲ. ಉಂಡ ಮನೆಗೆ ಎರಡು ಬಗೆದವಳಿಗೆ ಅಳುವ ಹಕ್ಕೆಲ್ಲಿಯದು? ಅವತ್ತಿನ ಸಂಜೆಯಿಂದ ಉಸಿರು ಗೋಪನಕೊಪ್ಪಕ್ಕೆ ಬಂತು.

ಈಗ ಬಾಜಾ ಅಂಗಡಿಗೆ ಬರೋಣ. ನಿಜಾಮುದ್ದೀನಸಾಬರಿಗೊಂದು ವಿಚಿತ್ರ ರೂಢಿ. ಒಡೆಯಲು ಬಂದ ಪ್ರತಿ ಗಂಟಿನಲ್ಲೂ ಒಂದು ಪ್ಲೇಟು ತೆಗೆದು ಕಡೆಯ ಸಲ ಹಚ್ಚಿ ಕೇಳುವರು. ನಮಾಜಿಲ್ಲದೆ ಹೆಣ ಎತ್ತುತ್ತಾರೇನು ಎಂದು ಅವರ ವಾದ. ಭಾದ್ರಪದ ಮುಗಿಯಲು ನಾಲ್ಕು ದಿನವಿದ್ದಾಗ ರೇಲ್ವೆಯವರ ಕ್ಲಬ್ಬಿನ ಹಳೆಯ ಕಪಾಟು ಖಾಲಿ ಮಾಡಿ ಯಾರೋ ಒಂದು ಗಂಟು ತಂದರು. ನಾಲ್ಕು ದೊಡ್ಡ ಪ್ಲೇಟು. ಉಡಚವ್ವ ಮೇಲಿನದನ್ನು ತೆಗೆದು ಒಡೆದಳು. ಅಷ್ಟರಲ್ಲಿ ಸಾಬರು ಬಂದು, ಒಂದನ್ನು ಆರಿಸಲೆಂದು ಉಳಿದ ಮೂರನ್ನು ಒಳಗೆ ಒಯ್ದರು.

ಉಡಚವ್ವ ಬೇರೆ ಗಂಟಿಗೆ ಸುತ್ತಿಗೆ ಎತ್ತಿದ್ದಳು. ಆಗ ಉಸಿರು ಕೇಳಿಸಿತು. ನಡು ಮಧ್ಯಾಹ್ನ, ಹಾಡಹಗಲು! ಅಂಗಡಿಗೂ ಬೆನ್ನಟ್ಟಿ ಬಂತಲ್ಲ ಎಂದುಕೊಂಡಳು. ಅದರ ಬೆನ್ನಿಗೆ ಬರುವ ಮೌನಕ್ಕೆ ಹಲ್ಲು ಕಚ್ಚಿ ಕಾದಳು. ಮೌನ ಬರಲಿಲ್ಲ. ಪಿಟೀಲು ಬಂತು.

ಸುತ್ತಿಗೆ ಅಲ್ಲೇ ಬಿಟ್ಟು ಎದ್ದಳು. ಎಂದೂ ಕಾಲಿಡದ ಅಂಗಡಿಯ ಒಳಗೆ ಹೋಗಿ ಬಾಜಾದ ಮುಂದೆ ನಿಂತಳು. "ಇದು ನಮ್ಮ ಮಡಮ್ಮಂದ್ರೀ, ಸಾವ್ಕಾರ್ರ."

"ಯಾವ ಮಡಮ್ಮ? ಇದಕ್ಕ ಕಾನ್ಸರ್ಟೊ ಅಂತಾರವಾ. ಒಬ್ಬರು ಮುಂದ ಬಾರಸ್ತಾರ, ಹಿಂದ ನಲವತ್ತ ಮಂದಿ ಜವಾಬ ಕೊಡ್ತಾರ. ವಿಲಾಯ್ತಿ ಸಾಮಾನಿದು."

"ಬಾರ್ಸೂಕಿಂತ ಮೊದಲ ಉಸರ ಎಳಕೊಂಡ್ಳಲ್ಲರೀ, ನಿಮಗ ಕೇಳಸ್ಲಿಲ್ಲೇನು?"

"ಸೂಜಿ ಸಪ್ಪಳ ಅದು." ಸಾಬರಿಗೆ ನಗು ಬಂತು. ಆದರೆ ಅವಳ ಮುಖ ನೋಡಿ ನಗಲಿಲ್ಲ. ಕನ್ನಡಕ ಏರಿಸಿ ಪ್ಲೇಟಿನ ಮೇಲಿನ ಅಕ್ಷರ ಕೂಡಿಸಿ ಕೂಡಿಸಿ ಓದಿದರು. "ಮಿಸ್ ಲಿಡಿಯಾ ಥಾರ್ನ್ ಅಂತ ಐತಿ. ಮದಿವಿ ಆಗಲಾರದಾಕಿ." ಆಮೇಲೆ ಕಾಗದದ ಚೀಲ ತಿರುಗಿಸಿದರು. ಮೂಲೆಯಲ್ಲಿ ಮಸಿಯಿಂದ ಬರೆದದ್ದಿತ್ತು. "ಇದನ್ನ ಕ್ಲಬ್ಬಿಗೆ ಕೊಟ್ಟಾಕಿ ಮಿಸೆಸ್ ಲಿಡಿಯಾ ವೇಕ್ಲಿ. ನಿಮ್ಮ ಸಾಹೇಬನ ಹೆಸರೇನು?"

"ವೇಕ್ಲಿ ಸಾಹೇಬ್ರು."

ಸಾಬರು ಕನ್ನಡಕ ತೆಗೆದರು. ಮದುವೆಗೆ ಮುಂಚೆ ವಿಲಾಯತಿಯಲ್ಲಿ ನಲವತ್ತು ಮಂದಿಯ ಮುಂದೆ ಕೂತು ಬಾರಿಸಿದ್ದವಳು, ಹುಬ್ಬಳ್ಳಿಯ ಬಂಗಲೆಯಲ್ಲಿ ಒಬ್ಬ ಆಯಾಗೆ ಬಾರಿಸಿ ತೋರಿಸಿ ಮಣ್ಣಾಗಿದ್ದಳು. ಈ ಪ್ಲೇಟುಗಳಿದ್ದ ಸಂಗತಿ ಬಂಗಲೆಯಲ್ಲಿ ಯಾರಿಗೂ ಹೇಳಿರಲಿಲ್ಲ. ಉಡಚವ್ವನಿಗೆ ಬೇರೊಂದು ಚುಚ್ಚಿತು. ಏಳು ವರ್ಷ ತಲೆ ಬಾಚಿದವಳಿಗೆ ಮಡಮ್ಮನಿಗೊಂದು ಹೆಸರಿದೆ ಎಂದೇ ಹೊಳೆದಿರಲಿಲ್ಲ.

"ಇದರ ಸುರುವಾತು ಎಲ್ಲೈತ್ರೀ?" ಎಂದಳು.

"ಒಂದನೇ ಪ್ಲೇಟಿನ್ಯಾಗ. ಅದು..." ಸಾಬರು ಹಿತ್ತಲ ಕಡೆ ನೋಡಿದರು.

ತಾನು ಒಡೆದದ್ದು ಅದನ್ನೇ ಎಂದು ಉಡಚವ್ವನಿಗೆ ತಿಳಿಯಿತು. ಹದಿನೇಳು ವರ್ಷ ಬಾಯಲ್ಲಿ ಕಟ್ಟಿಟ್ಟದ್ದನ್ನೆಲ್ಲ ಹೇಳಿದಳು, ಇಲಿ, ಬೆಂಕಿ, ಡಾಕ್ಟರನ ಹೆಸರು, ಎಲ್ಲ.

"ನೀ ಆಕೀನ ಬದಕಸಾಕ ಸುಟ್ಟಿ. ಅದರಾಗ ಪಾಪೇನೈತಿ?" ಎಂದರು ಸಾಬರು ಕಡೆಗೆ.

"ಸುಟ್ಟಿದ್ದನ್ನ ದೇವ್ರಿಗೆ ಹೇಳೇನ್ರೀ. ಸುಳ್ಳಾಡಿದ್ದನ್ನ ಆಕಿಗೇ ಹೇಳಬೇಕು. ಮಾನೌಮಿ ಅಮಾಸಿಗೆ ನಮ್ಮಲ್ಲಿ ಸತ್ತವ್ರಿಗೆ ಎಡಿ ಹಿಡೀತೇವಿ. ಅವ್ರಿಗೆ ಸೇರೂದನ್ನ ಇಡಬೇಕು. ಆಕಿಗೆ ಸೇರೂದು ಇದೊಂದ ನೋಡ್ರಿ."

"ನಮ್ಮಲ್ಲಿ ಇಂಥಾದ್ದೆಲ್ಲ ನಡ್ಯಂಗಿಲ್ಲ, ಉಡಚವ್ವ." ಸಾಬರು ಗಡ್ಡ ನೀವಿಕೊಂಡರು. ಆಮೇಲೆ, "ಸೂಜಿ ಹೊಸಾದು ಹಾಕ್ತೇನಿ" ಎಂದರು.

ಅಮಾವಾಸ್ಯೆಯ ದಿನ ಅಂಗಡಿಯ ಅರ್ಧ ಬಾಗಿಲು ಹಾಕಿದರು. ಉಡಚವ್ವ ಹೋಳಿಗೆ ಮಾಡಿರಲಿಲ್ಲ, ಮಡಮ್ಮನಿಗೆ ಅದು ಸೇರುತ್ತಿರಲಿಲ್ಲ. ಬಾಜಾದ ಮುಂದೆ ಎಲೆ ಹಾಕಿ ಎರಡು ತುಂಡು ಪಾವು, ಒಂದು ಬೇಯಿಸಿದ ತತ್ತಿ, ಸಕ್ಕರೆಯಿಲ್ಲದ ಚಹಾ ಇಟ್ಟಳು. ಊದಿನಕಡ್ಡಿ ಹಚ್ಚಿದಳು. ಸಾಬರು ಒಂದರ ಮೇಲೊಂದು ಮೂರೂ ಪ್ಲೇಟು ಹಾಕಿದರು. ಕಡೆಯದು ಮುಗಿದು ಸೂಜಿ ಕರಕರ ಎನ್ನುತ್ತಿರುವಾಗ ಉಡಚವ್ವ ಮುಂದೆ ಸರಿದು ಬಾಜಾದ ಹಿತ್ತಾಳೆಯ ಬಾಯಿಗೆ ತನ್ನ ಬಾಯಿ ಹಚ್ಚಿದಳು. ಮಡಮ್ಮನ ದನಿ ಹೊರಗೆ ಬರುವ ದಾರಿಯಲ್ಲಿ ತನ್ನ ದನಿ ಒಳಗೆ ಹೋಗದಿರುತ್ತದೆಯೇ?

"ಮಡಮ್ಮಾರ, ಡಾಕ್ಟರ ಹೇಳಿದ್ದಿಲ್ಲರೀ. ನಾನ ಸುಟ್ಟೆ. ನೀವು ಉಳೀಲಿ ಅಂತ ಸುಟ್ಟೆ. ಆಮ್ಯಾಲ ನಿಮ್ಮ ಮಾರಿ ನೋಡಿ ಅಂಜಿ ಸುಳ್ಳ ಹೇಳಿದೆ. ಮೊನ್ನೆ ಇನ್ನೂ ಒಂದ ಒಡದೇನ್ರೀ, ಅದೂ ಇದ ಕೈ. ಇಷ್ಟ ನೋಡ್ರಿ ನನ್ನ ತಪ್ಪು."

ಸಾಬರು ಗೋಡೆಯ ಕಡೆ ಮುಖ ಮಾಡಿ ನಿಂತಿದ್ದರು.

ಆ ಸಂಜೆ ಗೋಪನಕೊಪ್ಪದಲ್ಲಿ ದೀಪ ಹಚ್ಚಿ ಉಡಚವ್ವ ಕಾದಳು. ಉಸಿರು ಬರಲಿಲ್ಲ. ಮರುದಿನವೂ ಬರಲಿಲ್ಲ. ಋಣ ಹರಿಯಿತೆಂದು ಮೈಮರೆತು ನಿದ್ದೆ ಮಾಡಿದಳು, ಹೊಟ್ಟೆ ತುಂಬ ಉಂಡಳು, ಕೇರಿಯವರ ಜೊತೆ ಎರಡು ಮಾತು ಹೆಚ್ಚಿಗೆ ಆಡಿದಳು. ವಾರ ಕಳೆಯಿತು. ಗುಡಿಸಲು ತೀರ ಖಾಲಿ ಅನಿಸತೊಡಗಿತು. ಹುಲಗಪ್ಪ ತೀರಿಕೊಂಡು ಹತ್ತು ವರ್ಷ, ಮಗಳು ಶೇವಂತೆವ್ವ ರಾಯಾಪುರದಲ್ಲಿ ತನ್ನ ಸಂಸಾರದ ಗುದ್ದಾಟದಲ್ಲಿ. ಹದಿನೇಳು ವರ್ಷ ತಪ್ಪದೆ ಸಂಜೆಗೆ ಮನೆಗೆ ಬಂದವಳು ಒಬ್ಬಳೇ. ಅವಳನ್ನು ತಾನೇ ಕಳಿಸಿಬಿಟ್ಟಿದ್ದಳು.

ಒಂಬತ್ತನೆಯ ದಿನ ಸೀದಾ ಅಂಗಡಿಯ ಒಳಗೆ ಬಂದಳು. "ಒಂದ ಸಲ ಹಚ್ಚರಿ, ಸಾವ್ಕಾರ್ರ. ಉಸರ ಕೇಳಿ ಹೋಗ್ತೇನಿ."

ಸಾಬರು ಹಚ್ಚಿದರು. ಪಿಟೀಲು ಬಂತು, ಹಿಂದಿನಿಂದ ನಲವತ್ತು ಮಂದಿಯೂ ಬಂದರು. ಉಡಚವ್ವ ಕಿವಿಯನ್ನು ಬಾಜಾದೊಳಗೇ ಇಟ್ಟಳು. ಮೊದಲಿಂದ ಹಾಕಿಸಿದಳು. ಮಗ್ಗುಲು ಬದಲಿಸಿ ಹಾಕಿಸಿದಳು, ಬೇರೆ ಪ್ಲೇಟು ಹಾಕಿಸಿದಳು.

"ಇದರಾಗ ಉಸರ ಇತ್ತಲ್ಲರೀ. ಎಲ್ಲಿ ಹೋತು?"

"ನನಗ ಮೊದಲ ಸಲಾನೂ ಕೇಳಿಸಿದ್ದಿಲ್ಲವಾ" ಎಂದರು ಸಾಬರು ಮೆಲ್ಲಗೆ.

ಉಡಚವ್ವ ಅವರ ಮುಖವನ್ನೇ ನೋಡಿದಳು. "ಹಂಗಾರ ಆಕಿ ಸತ್ತಾಳ್ರೀ" ಎಂದಳು, ಸುದ್ದಿ ಈಗಷ್ಟೇ ಬಂದವಳ ಹಾಗೆ. ಸೆರಗು ಸೊಂಟಕ್ಕೆ ಸಿಗಿಸಿ ಅಂಗಡಿಯ ನೆಲದ ಮೇಲೆ ಕೂತಳು. ಅವಳ ಕೇರಿಯ ಹೆಂಗಸರು ಹೆಣದ ಮುಂದೆ ಕೂತು ಸತ್ತವರ ಗುಣ ಎಣಿಸಿ ಎಣಿಸಿ ಅಳುತ್ತಾರಲ್ಲ, ಹಾಗೆ ಎದೆ ಬಡಿದುಕೊಂಡು ದನಿ ತೆಗೆದಳು. ಬಾಗಿಲಲ್ಲಿ ಗಿರಾಕಿಗಳು ನಿಂತರು. ಸಾಬರು ಯಾರನ್ನೂ ಒಳಗೆ ಬಿಡಲಿಲ್ಲ, ಅವಳನ್ನೂ ತಡೆಯಲಿಲ್ಲ.

"ನನ್ನ ಕೈ ಹಿಡದ ಹೊಟ್ಟಿ ಮುಟ್ಟಿಸಿದ್ಯಲ್ಲ ನನ್ನವ್ವಾ, ಲಿಡ್ಯವ್ವಾ..."