ಮುಖ ನೋಡಿ ಸಂಬಳ ಬರೆದವರು

ಹಾಲು ಕಾಯಿಸಿ ಹೆಪ್ಪು ಹಾಕಿದೆ. ಮಗಳ ಯೂನಿಫಾರ್ಮಿಗೆ ಕಿತ್ತುಹೋಗಿದ್ದ ಗುಂಡಿ ಹೊಲಿದೆ. ಗ್ಯಾಸ್ ಬುಕ್ ಮಾಡಿದೆ. ಅತ್ತೆಯವರ ಬಿ.ಪಿ. ಮಾತ್ರೆ ಮುಗಿದಿತ್ತು, ತಂದಿಟ್ಟೆ. ಒಂಬತ್ತೂವರೆಗೆ ಆಫೀಸು ಸೇರಿ ಹೊಳಲ್ಕೆರೆಯ ಗೋದಾಮಿನ ಹದಿನಾಲ್ಕು ಜನರ ಸಂಬಳದ ಚೀಟಿ ಮುದ್ರಿಸಿದೆ. ಹನ್ನೊಂದಕ್ಕೆ ಅರ್ಧ ದಿನದ ರಜೆ ಬರೆದುಕೊಟ್ಟು, ಒಂದು ಕಾಗದದ ನಕಲನ್ನು ಪ್ಲಾಸ್ಟಿಕ್ ಕವರಿನಲ್ಲಿಟ್ಟುಕೊಂಡು ತಾಳ್ಯದ ಬಸ್ಸು ಹತ್ತಿದೆ. ಕ್ಯಾತಪ್ಪನವರ ಕೈಗೆ ಆ ಕಾಗದ ಕೊಟ್ಟೆ. ಅವರು ಮೂರು ಸಲ ಓದಿದರು. ನಂಬಲಿಲ್ಲ.

ಅವರನ್ನು ಕೊನೆಯ ಸಲ ಕಂಡ ದಿನ ನನ್ನ ಡೈರಿಯಲ್ಲಿ ಹೀಗಿದೆ. ಆ ಕಾಗದ, ಹೊಸದುರ್ಗದ ಗಂಗಮ್ಮ ಎಂಬ ಕೆಲಸದವಳ ಕೈ ಮುರಿದುದಕ್ಕೆ ತಿಂಗಳು ತಿಂಗಳು ಪರಿಹಾರ ಕೊಡಲು ಒಪ್ಪಿದ ವಿಮೆಯ ಆದೇಶ. ಅದು ಅವಳಿಗೆ ಸಿಗಲಿ ಎಂದು ಕೆಲಸ ಕಳೆದುಕೊಂಡವರು ಕ್ಯಾತಪ್ಪನವರು. ಆದರೂ ನಂಬಲಿಲ್ಲ.

ನಂಬದಿರುವುದು ಅವರಿಗೆ ಉಸಿರಾಡಿದಷ್ಟು ಸಲೀಸು. ಬಸ್ಸಿನ ಮುಂದೆ ನಿಂತು ಬೋರ್ಡು ಓದುವರು. ಆಮೇಲೆ ಡ್ರೈವರನ್ನು ಕೇಳುವರು, ಹತ್ತಿದ ಮೇಲೆ ಕಂಡಕ್ಟರನ್ನು, ಕೂತ ಮೇಲೆ ಪಕ್ಕದ ಸೀಟಿನವರನ್ನು. ಒಮ್ಮೆ ಕಂಡಕ್ಟರ್ ರೇಗಿ, “ಬೋರ್ಡು ಕಾಣಲ್ವೇನ್ರಿ ಯಜಮಾನ್ರೆ?” ಅಂದ.

“ಕಾಣ್ತೈತೆ ಕಣಪ್ಪ. ಬೋರ್ಡು ಬರೆದೋನು ಒಬ್ಬ, ಬಸ್ಸು ಓಡ್ಸೋನು ಇನ್ನೊಬ್ಬ. ಇಬ್ರೂ ಮಾತಾಡ್ಕಂಡವ್ರೋ ಇಲ್ವೋ ನಂಗೇನು ಗೊತ್ತು?”

ನಮ್ಮದು ದುರ್ಗದ ಬಸ್ ಸ್ಟ್ಯಾಂಡಿನ ಹಿಂದಿನ ಓಣಿಯಲ್ಲಿ, ಒಂದು ಪೇಂಟ್ ಅಂಗಡಿಯ ಮಹಡಿ ಮೇಲಿದ್ದ ಮ್ಯಾನ್‌ಪವರ್ ಏಜೆನ್ಸಿ. ಕೆಲಸಕ್ಕೆ ಜನ ಬೇಕೆಂದವರಿಗೆ ಜನ ಹುಡುಕಿ ಕಳಿಸುವುದು, ಅವರ ಸಂಬಳ ನಾವು ಕೊಡುವುದು. ಹಿರಿಯೂರಿನಲ್ಲಿ ಕಾವಲುಗಾರರು, ಹೊಳಲ್ಕೆರೆಯಲ್ಲಿ ಗೋದಾಮಿನ ಹಮಾಲರು, ಹೊಸದುರ್ಗದ ಒಂದು ಹಾಸ್ಟೆಲಿನಲ್ಲಿ ಕಸ, ಪಾತ್ರೆಗೆ ಹನ್ನೆರಡು ಹೆಂಗಸರು. ನಾನು ಕಂಪ್ಯೂಟರಿನ ಮುಂದೆ, ಕ್ಯಾತಪ್ಪನವರು ನನ್ನ ಎದುರಿನ ಮೇಜಿನಲ್ಲಿ. ನಾನು ಮುದ್ರಿಸಿದ ಪ್ರತಿ ಸಂಬಳದ ಪಟ್ಟಿಯನ್ನೂ ಅವರು ಪೆನ್ಸಿಲಿನಲ್ಲಿ ಮತ್ತೆ ಕೂಡುವರು. ಮೊದಮೊದಲು ನನಗೆ ಅವಮಾನವೆನಿಸುತ್ತಿತ್ತು. ಒಂದು ಜೂನ್ ತಿಂಗಳು, ಮೇ ತಿಂಗಳ ಹಾಳೆಯನ್ನೇ ನಕಲು ಮಾಡಿ ಎಲ್ಲರಿಗೂ ಮೂವತ್ತೊಂದು ದಿನ ಹಾಕಿಬಿಟ್ಟಿದ್ದೆ. ಅವರು ಪಟ್ಟಿಯನ್ನು ನನ್ನತ್ತ ತಿರುಗಿಸಿ, “ಸುಶೀಲಮ್ಮ, ಈ ಸಲ ಜೂನಿಗೆ ಒಂದು ದಿನ ಯಾರು ದಾನ ಕೊಟ್ರು?” ಎಂದರು. ಅಂದಿನಿಂದ ಅವಮಾನ ಹೋಯಿತು, ಭಯ ಬಂತು.

ಅವರದು ತಾಳ್ಯದ ಕಡೆಯ ಕುರಿ ಕಾಯುವ ಮನೆತನ. ಹಾಜರಿಯ ವಿಷಯ ಬಂದರೆ ಒಂದೇ ಮಾತು: “ಕುರಿ ಎಣಿಸೋನು ಕಿವಿ ನೋಡ್ಬೇಕು. ಕಾಲು ಎಣಿಸಿದ್ರೆ ನಾಯೀನೂ ಲೆಕ್ಕಕ್ಕೆ ಬರ್ತೈತೆ.” ಹಾಗಾಗಿ ಪ್ರತಿ ತಿಂಗಳ ಮೊದಲ ವಾರ ಹಾಜರಿ ಪುಸ್ತಕ ಕಂಕುಳಲ್ಲಿಟ್ಟುಕೊಂಡು ಊರೂರು ಸುತ್ತುವರು. ಹೆಸರು ಕೂಗುವರು, ಮುಖ ನೋಡುವರು, ಆಮೇಲೆ ಟಿಕ್ ಹಾಕುವರು.

ಹಿರಿಯೂರಿಗೆ ಒಮ್ಮೆ ನಾನೂ ಹೋಗಿದ್ದೆ. ಕಾವಲುಗಾರರು ಸಾಲಾಗಿ ನಿಂತಿದ್ದರು. “ಮಂಜುನಾಥ” ಎಂದು ಕೂಗಿದಾಗ ಒಬ್ಬ ಸ್ವಲ್ಪ ತಡೆದು “ಸಾರ್” ಅಂದ. ಕ್ಯಾತಪ್ಪನವರು ಕನ್ನಡಕ ಮೂಗಿನ ತುದಿಗೆ ಇಳಿಸಿದರು.

“ನಿಮ್ಮಪ್ಪನ ಹೆಸರೇನಪ್ಪ?”

ಅವನು ಸೂಪರ್‌ವೈಸರ್ ಮುಖ ನೋಡಿದ. “ಅದನ್ನ ಹೇಳ್ಕೊಟ್ಟಿಲ್ಲ ಸಾರ್” ಅಂದ.

ಸಾಲಿನಲ್ಲಿದ್ದವರೆಲ್ಲ ನಕ್ಕರು. ಸೂಪರ್‌ವೈಸರ್ ಮಾತ್ರ ನಗಲಿಲ್ಲ. ಮಂಜುನಾಥ ಎಂಬವನು ಹಿಂದಿನ ತಿಂಗಳ ಎಣಿಕೆ ಮುಗಿದ ಮಾರನೆಯ ದಿನವೇ ಕೆಲಸ ಬಿಟ್ಟಿದ್ದ, ಅವನ ಸಂಬಳ ಯಾರಿಗೆ ಹೋಗುತ್ತಿತ್ತೆಂದು ಕೇಳಬೇಕಾಗಿರಲಿಲ್ಲ.

ಅವರ ಜೇಬಿನಲ್ಲೊಂದು ಸಣ್ಣ ಪುಸ್ತಕವಿತ್ತು. ಯಾರಿಗೂ ತೋರಿಸುತ್ತಿರಲಿಲ್ಲ. ಅನುಮಾನ ಅಂಟುರೋಗ. ಇವರೇ ಏನೋ ಮಾಡುತ್ತಿರಬಹುದೆಂದು ನಾನೂ ಅಂದುಕೊಂಡೆ. ಅವರು ಚಹಾಕ್ಕೆ ಇಳಿದ ಒಂದು ದಿನ ಅದು ಮೇಜಿನ ಮೇಲೇ ಬಿದ್ದಿತ್ತು... ಇಲ್ಲ, ಸುಳ್ಳೇಕೆ, ಕುರ್ಚಿಗೆ ತಗುಲಿಹಾಕಿದ್ದ ಕೋಟಿನೊಳಗೆ ಕೈ ಹಾಕಿ ತೆಗೆದು ನೋಡಿದೆ. ಹೆಸರುಗಳು, ಹೆಸರಿನ ಮುಂದೆ ಒಂದೊಂದು ಸಾಲು. “ಎಡಗಿವಿ ಹರಿದಿದೆ.” “ನಗುವಾಗ ಬಾಯಿಗೆ ಸೆರಗು.” “ಮಾತಾಡುವ ಮುಂಚೆ ಕೆಮ್ಮು.” ಇಷ್ಟೇ. ಇಟ್ಟ ಹಾಗೆ ಇಟ್ಟೆ. ಅವರು ಬಂದು ಕೋಟು ಹಾಕಿಕೊಂಡು, ಜೇಬು ಮುಟ್ಟಿ ನೋಡಿ, ನನ್ನನ್ನೂ ಒಮ್ಮೆ ನೋಡಿ, ಪೆನ್ಸಿಲು ಕೈಗೆತ್ತಿಕೊಂಡರು.

ಹೀಗೆ ಸುತ್ತುವುದರಿಂದ ಸಂಬಳ ಹತ್ತನೇ ತಾರೀಖು ದಾಟುತ್ತಿತ್ತು. ಕೆಲಸದವರು ಫೋನ್ ಮೇಲೆ ಫೋನ್ ಮಾಡುತ್ತಿದ್ದರು, ಮಾಲೀಕರು ಗೊಣಗುತ್ತಿದ್ದರು. ಆಗ ಉಪಾಯ ಹೇಳಿದವಳು ನಾನು. ಆಯಾ ಊರಿನ ಸೂಪರ್‌ವೈಸರುಗಳು ಹಾಜರಿ ಪುಸ್ತಕದ ಫೋಟೊ ತೆಗೆದು ಫೋನಿಗೆ ಕಳಿಸಲಿ, ನಾನು ಅದನ್ನು ನೋಡಿ ಕಂಪ್ಯೂಟರಿಗೆ ಹಾಕುತ್ತೇನೆ, ಪಟ್ಟಿ ನೇರ ಬ್ಯಾಂಕಿಗೆ ಹೋಗಲಿ. ಮೊದಲ ತಿಂಗಳೇ ಮೂರನೇ ತಾರೀಖಿಗೆ ಎಲ್ಲರ ಖಾತೆಗೂ ಸಂಬಳ ಬಿತ್ತು. ಮಾಲೀಕರು ಎಲ್ಲರಿಗೂ ಬೆಣ್ಣೆದೋಸೆ ತರಿಸಿದರು.

ಪಟ್ಟಿಯ ಕೆಳಗೆ “ಪರಿಶೀಲಿಸಲಾಗಿದೆ” ಎಂದಿರುವಲ್ಲಿ ಸಹಿ ಕ್ಯಾತಪ್ಪನವರದು. ಪೆನ್ನಿನ ಮುಚ್ಚಳ ತೆಗೆದು, ಮತ್ತೆ ಹಾಕಿದರು.

“ಏನ್ ಪರಿಶೀಲನೆ ಮಾಡ್ದೆ ನಾನು? ಫೋಟೊನ ಫೋಟೊ ನೋಡ್ದೆ.”

“ಸಂಬಳ ಬೇಗ ಆಗ್ತೈತಲ್ಲ ಕ್ಯಾತಪ್ಪಣ್ಣ, ಪಾಪ ಅವರಿಗೂ ಅನುಕೂಲ. ಹಾಕ್ರಿ” ಎಂದೆ.

ಹಾಕಿದರು. ಐದು ತಿಂಗಳು ಹಾಕಿದರು.

ಆರನೇ ತಿಂಗಳು ಹೊಸದುರ್ಗದಿಂದ ಫೋನ್ ಬಂತು. ಹಾಸ್ಟೆಲಿನ ಅಡುಗೆಮನೆ ಮೆಟ್ಟಿಲಲ್ಲಿ ಪಾತ್ರೆ ಹೊತ್ತು ಇಳಿಯುವಾಗ ಹೆಂಗಸೊಬ್ಬಳು ಜಾರಿಬಿದ್ದಿದ್ದಾಳೆ, ಹೆಸರು ರತ್ನಮ್ಮ. ಇಬ್ಬರೂ ಸರ್ಕಾರಿ ಆಸ್ಪತ್ರೆಗೆ ಹೋದೆವು. ಬೆಂಚಿನ ಮೇಲೆ ಬಲಗೈಗೆ ಟವಲು ಸುತ್ತಿಕೊಂಡು ಕೂತವಳನ್ನು ಬಾಗಿಲಿನಿಂದಲೇ ನೋಡಿದ ಕ್ಯಾತಪ್ಪನವರು ನಿಂತುಬಿಟ್ಟರು.

“ಇವಳು ರತ್ನಮ್ಮ ಅಲ್ಲ. ಗಂಗಮ್ಮ.”

ಗಂಗಮ್ಮನೂ ನಮ್ಮ ಪಟ್ಟಿಯವಳೇ. ಆದರೆ ಹಾಜರಿಯ ಪ್ರಕಾರ ಅವಳಿಗೆ ಅಂದು ವಾರದ ರಜೆ. ಅಷ್ಟರಲ್ಲಿ ನಿಜವಾದ ರತ್ನಮ್ಮ ಊರಿಂದ ಓಡೋಡಿ ಬಂದಳು. ಹನ್ನೆರಡು ಹೆಂಗಸರೂ ಒಂದೇ ಹಳ್ಳಿಯವರು. ಅಲ್ಲಿ ಮುಯ್ಯಾಳಿನ ಪದ್ಧತಿ: ನನ್ನ ಹೊಲದ ಕಳೆಗೆ ನೀನು ಒಂದು ದಿನ ಬಂದರೆ, ನಿನ್ನ ಹೊಲಕ್ಕೆ ನಾನು ಒಂದು ದಿನ ಬರುವುದು. ಕೂಲಿ ಕೊಡುವಂತಿಲ್ಲ, ದಿನಕ್ಕೆ ದಿನ ತೀರಿಸುವುದು.

“ಮಗೀಗೆ ಜ್ವರ ಬಂದಿತ್ತು ಸಾರ್, ಅದಕ್ಕೆ ಇವಳು ನನ್ನ ಬದಲು ಬಂದ್ಲು” ಎಂದಳು ರತ್ನಮ್ಮ. “ಹೋದ ತಿಂಗ್ಳು ಇವಳ ಬದಲು ನಾ ಬಂದಿದ್ದೆ. ಹೊಲದಾಗೆ ಹೆಂಗೋ ಇಲ್ಲೂ ಅಂಗೇ. ದಿನಕ್ಕೆ ಎಷ್ಟು ಜನ ಬೇಕು ಅಂದ್ರೋ ಅಷ್ಟು ಜನ ಇದ್ವಿ. ಒಬ್ರ ದಿನ ಒಬ್ರು ತಿಂದಿಲ್ಲ.”

“ಯಾರಿಗಾದ್ರೂ ಹೇಳಿದ್ರೇನವ್ವ?”

“ಇದನ್ನೇನ್ ಹೇಳಾದು ಸಾರ್? ನೀವು ಬರ್ತಿದ್ದಾಗ ಆದ್ರೆ ಕೇಳ್ತಿದ್ರಿ, ಹೇಳ್ತಿದ್ವಿ.”

ಕ್ಯಾತಪ್ಪನವರು ನನ್ನ ಕಡೆ ನೋಡಲಿಲ್ಲ. ನೋಡಿದ್ದರೇ ಚೆನ್ನಾಗಿತ್ತು.

ಡಾಕ್ಟರು, ಮಣಿಕಟ್ಟು ಪುಡಿಯಾಗಿದೆ, ಬೆರಳುಗಳು ಪೂರ್ತಿ ಮಡಚಲಿಕ್ಕಿಲ್ಲ ಎಂದರು. ಪಾತ್ರೆ ತಿಕ್ಕಿ ಬದುಕುವವಳ ಬಲಗೈ. ಕೆಲಸದ ಮೇಲೆ ಪೆಟ್ಟಾಗಿದ್ದರೆ ವಿಮೆಯಿಂದ ಬದುಕಿರುವವರೆಗೂ ಪರಿಹಾರ. ರಜೆಯ ದಿನ ಎಲ್ಲೋ ಬಿದ್ದದ್ದಾದರೆ ಚಿಕಿತ್ಸೆ ಮಾತ್ರ.

ಮಾಲೀಕರು ಬಾಗಿಲು ಹಾಕಿಸಿ ಮಾತಾಡಿದರು. “ಮನೇಲಿ ಬಿದ್ಳು ಅಂತ ಬರೆಸಿ. ಒಬ್ಬಳ ಹೆಸರಲ್ಲಿ ಇನ್ನೊಬ್ಬಳು ದುಡಿದಿದ್ದು ಹೊರಗೆ ಬಂದ್ರೆ ಹಾಸ್ಟೆಲಿನವರೂ ನಮ್ಮನ್ನ ಬಿಡ್ತಾರೆ, ಮಿಕ್ಕೋರೂ ಬಿಡ್ತಾರೆ. ಅವಳ ಕೈಗೆ ನಾನೇ ಏನಾದ್ರೂ ಕೊಡ್ತೀನಿ.”

“ಏನಾದ್ರೂ ಅಂದ್ರೆ ಎಷ್ಟು, ಎಷ್ಟು ವರ್ಷ?” ಎಂದರು ಕ್ಯಾತಪ್ಪನವರು.

“ನನ್ನ ಮೇಲೂ ಅನುಮಾನವೇನ್ರಿ?”

“ಐತೆ ಸಾರ್.”

ಹಾಜರಿ ತಿದ್ದೋಣವೆಂದು ನಾನೆಂದೆ. “ಅಪಘಾತ ಆದ ಮೇಲೆ ತಿದ್ದಿದ ಹಾಳೆ ನನ್ನ ಮುಂದೆ ಬಂದಿದ್ರೆ ನಾನೇ ನಂಬ್ತಿರ್ಲಿಲ್ಲ” ಎಂದರು ಕ್ಯಾತಪ್ಪನವರು. ಮಾರನೆಯ ದಿನದಿಂದ ಮೂರು ದಿನ ಹೊಸದುರ್ಗದ ಹಾಸ್ಟೆಲಿನ ಹಿತ್ತಲಲ್ಲಿ, ತೆಂಗಿನ ಮರದ ಕೆಳಗೆ ಕೂತರು. ಹನ್ನೆರಡು ಹೆಂಗಸರನ್ನೂ ಒಬ್ಬೊಬ್ಬರನ್ನಾಗಿ ಕರೆದರು. ಯಾರ ಬದಲು ಯಾರು, ಯಾವ ದಿನ, ಅದು ತೀರಿದ್ದು ಯಾವತ್ತು. ಅಡ್ಡ ಪ್ರಶ್ನೆ ಹಾಕಿದರು, ಬೇಕೆಂದೇ ತಪ್ಪು ದಿನ ಹೇಳಿ ನೋಡಿದರು. “ಅವತ್ತು ಅಮಾಸೆ ಸಾರ್, ಅವತ್ತು ನಾವ್ಯಾರೂ ಬದಲಾಗಿಲ್ಲ” ಎಂದು ಓದುಬರಹ ಬಾರದ ಮುದುಕಿಯೊಬ್ಬಳು ಅವರನ್ನೇ ತಿದ್ದಿದಳು. ಒಂದಕ್ಷರ ಬರೆದಿಡದೆ ಐದು ತಿಂಗಳ ಬದಲಿ ದಿನಗಳು ಹನ್ನೆರಡು ಬಾಯಲ್ಲೂ ಒಂದೇ ಆಗಿ ಬಂದವು.

ಆ ಮೂರು ದಿನ ಅವರು ನನ್ನೊಡನೆ ಮಾತಾಡಲಿಲ್ಲ. ಉಪಾಯ ನನ್ನದು, ತಪ್ಪೆಲ್ಲ ನನ್ನ ತಲೆಗೆ ಕಟ್ಟುತ್ತಾರೆ ಎಂದುಕೊಂಡೆ. ನಾಲ್ಕನೆಯ ದಿನ ಒಂದು ಪತ್ರ ಟೈಪ್ ಮಾಡಲು ಕೊಟ್ಟರು. ಸಾಲು ಸಾಲಿಗೂ ನನ್ನ ಹೆಸರಿಗಾಗಿ ಕಾದೆ. ಬರಲಿಲ್ಲ. “ಐದು ತಿಂಗಳು ನಾನು ಯಾರ ಮುಖವನ್ನೂ ನೋಡದೆ, ಪರಿಶೀಲಿಸಲಾಗಿದೆ ಎಂದು ಸಹಿ ಮಾಡಿದ್ದೇನೆ. ಹಾಜರಿ ತಪ್ಪು. ಕೆಲಸ ನಿಜ.” ಕೆಳಗೆ ಬದಲಿ ದಿನಗಳ ಪಟ್ಟಿ, ಹನ್ನೆರಡು ಹೆಬ್ಬೆಟ್ಟು ಮತ್ತು ಸಹಿ.

“ಅಣ್ಣ, ಫೋಟೊ ತರಿಸೋ ಯೋಚನೆ ನಂದು. ಅದನ್ನೂ ಹಾಕ್ರಿ.”

“ಯೋಚನೆ ನಿಂದು, ಸಹಿ ನಂದು. ಟೈಪ್ ಮಾಡು.”

ವಿಮೆಯ ಅಧಿಕಾರಿ ಪತ್ರ ಓದಿ, “ನಿಮ್ಮನ್ನ ಯಾಕೆ ನಂಬಬೇಕು?” ಎಂದು ಕೇಳಿದರು. “ನಂಬಬ್ಯಾಡ್ರಿ ಸಾರ್” ಎಂದರು ಕ್ಯಾತಪ್ಪನವರು. “ಹನ್ನೆರಡು ಜನಾನೂ ಬ್ಯಾರೆಬ್ಯಾರೆ ಕುಂಡ್ರಿಸ್ಕಂಡು ನೀವೇ ಕೇಳ್ರಿ. ನಾನು ಅವ್ರ ಮಾತು ಮುರಿಯಾಕೆ ನೋಡ್ದೆ, ಆಗಲಿಲ್ಲ.” ಅಧಿಕಾರಿ ಬಂದು ಕೇಳಿದರು. ಅವರಿಂದಲೂ ಆಗಲಿಲ್ಲ.

ಹಾಸ್ಟೆಲಿನವರು ಹೆಂಗಸರನ್ನು ಉಳಿಸಿಕೊಂಡರು. ಮಾಲೀಕರು ಕ್ಯಾತಪ್ಪನವರನ್ನು ಉಳಿಸಿಕೊಳ್ಳಲಿಲ್ಲ. ನೋಡದೆ ಸಹಿ ಮಾಡಿದೆನೆಂದು ಬರೆದುಕೊಟ್ಟವರನ್ನು ಹೇಗೆ ಇಟ್ಟುಕೊಳ್ಳಲಿ ಎಂದರು. ಹಾಕ್ರಿ ಎಂದು ಸಹಿ ಹಾಕಿಸಿದವಳು ನಾನೇ ಎಂದು ಒಳಗೆ ಹೋಗಿ ಹೇಳುತ್ತೇನೆಂದು ಎದ್ದೆ. ಕ್ಯಾತಪ್ಪನವರು ಕೈ ಅಡ್ಡ ಹಿಡಿದರು.

“ಹೇಳಿದ್ರೆ ಇಬ್ರೂ ಮನೆಗೆ. ಆಮೇಲೆ ಊರೂರಿಗೆ ಹೋಗಿ ನೋಡೋರ್ಯಾರು? ನಿನ್ನ ನಂಬಿ ಹೋಗ್ತೀನಿ ಅನ್ಕಬ್ಯಾಡ. ಬ್ಯಾರೆ ಯಾರೂ ಇಲ್ಲ, ಅದಕ್ಕೆ.”

ಆದೇಶ ಬರಲು ಎಂಟು ತಿಂಗಳು ಹಿಡಿಯಿತು. ತಾಳ್ಯದ ಅವರ ಮನೆಯ ಜಗುಲಿಯಲ್ಲಿ ಮೂರನೆಯ ಸಲ ಓದಿ ಮುಗಿಸಿ, ಕಾಗದ ನನ್ನ ಕಡೆ ತಳ್ಳಿದರು.

“ಇದು ಆದೇಶ. ದುಡ್ಡು ಬಂತಾ?”

“ಬಂತಂತೆ ಅಣ್ಣ. ಗಂಗಮ್ಮ ಫೋನ್ ಮಾಡಿದ್ಲು.”

“ಬಂತೋ, ಬಂತಂತೋ?”

ನಾನು ಕಾಗದವನ್ನು ಮತ್ತೆ ಕವರಿಗೆ ಸೇರಿಸಿದೆ. “ನೋಡ್ಕಂಡು ಬಂದು ಹೇಳು. ಈಗ ಹೊಂಟ್ರೆ ಸಂಜೆ ಬಸ್ಸು ಸಿಗ್ತೈತೆ” ಎಂದರು. ಕಾಫಿ ಕೊಟ್ಟರು. ಸ್ವಲ್ಪ ಸೊರಗಿದ್ದರು, ಮೆಟ್ಟಿಲಿಳಿಯುವಾಗ ಕಂಬ ಹಿಡಿದರು. ನಾನು ತಿರುಗಿ ನೋಡಿದಾಗ ಇನ್ನೂ ಮೆಟ್ಟಿಲ ಕೆಳಗೇ ಇದ್ದರು. ಮತ್ತೆ ಅವರನ್ನು ಕಾಣಲಿಲ್ಲ. ಮುಂದಿನ ತಿಂಗಳ ಹಾಜರಿ ಮುಗಿಸಿಕೊಂಡು ನಾನು ಭರಮಸಾಗರದಿಂದ ಬರುತ್ತಿದ್ದಾಗ ಅವರು ತೀರಿಕೊಂಡ ಸುದ್ದಿ ಬಂತು.

ಆ ಸಂಜೆ ಮಾತ್ರ ಅವರು ಹೇಳಿದ ಹಾಗೆಯೇ ಮಾಡಿದೆ. ಹೊಳಲ್ಕೆರೆಯಲ್ಲಿ ಇಳಿದು ಹೊಸದುರ್ಗದ ಬಸ್ಸು ಹಿಡಿದೆ, ಮನೆಗೆ ಫೋನ್ ಮಾಡಿ ಬರುವುದಿಲ್ಲವೆಂದೆ. ಹಳ್ಳಿಯ ತನ್ನ ಮನೆಯಲ್ಲಿ ಗಂಗಮ್ಮ ಬ್ಯಾಂಕಿನಲ್ಲಿ ಬರೆಸಿಕೊಂಡು ಬಂದ ಪಾಸ್‌ಬುಕ್ ತೋರಿಸಿದಳು. ಸಾಲಿನ ಮೇಲೆ ಬೆರಳಿಟ್ಟು ಓದಿ, ಕ್ಯಾತಪ್ಪನವರಿಗೆ ಫೋನ್ ಹಚ್ಚಿದೆ. “ಬಂದಿದೆ ಅಣ್ಣ, ನೋಡಿದೆ.”

“ಅವಳ ಕೈಗೆ ಕೊಡು” ಎಂದರು. ಗಂಗಮ್ಮ ಫೋನನ್ನು ಎಡಗೈಯಲ್ಲಿ ಹಿಡಿದಳು. ಅವರ ದನಿ ನನಗೂ ಕೇಳುತ್ತಿತ್ತು.

“ಬೆರಳು ಮಡಚ್ತಾವೇನವ್ವ?”

“ಮೂರು ಮಡಚ್ತಾವೆ ಸಾರ್. ಎರಡು ಇಲ್ಲ.”

“ನಾ ಬಂದು ನೋಡ್ತಿದ್ದಿದ್ರೆ ಈ ಬದಲಿ ನಿಲ್ತಿತ್ತು, ಆ ದಿನ ನೀನು ಮೆಟ್ಟಿಲ ಹತ್ರ ಇರ್ತಿರ್ಲಿಲ್ಲ” ಎಂದರು ಅವರು. “ಊಟ ಮಾಡ್ರಿ ಸಾರ್” ಎಂದು ಫೋನ್ ನನಗೆ ಕೊಟ್ಟಳು.

ರಾಗಿ ಮುದ್ದೆ, ಹುರುಳಿಕಾಳಿನ ಸಾರು, ಕಡಿದುಕೊಳ್ಳಲು ಹಸಿ ಈರುಳ್ಳಿ. ಅವಳ ಬದಲು ಮುದ್ದೆ ತಿರುವಿದವಳು ರತ್ನಮ್ಮ. ಗಂಗಮ್ಮ ಮೂರು ಬೆರಳಲ್ಲಿ ಮುರಿದು ನಿಧಾನವಾಗಿ ಉಂಡಳು, ನಾವಿಬ್ಬರೂ ಅವಳದು ಮುಗಿಯುವವರೆಗೆ ತಟ್ಟೆ ಬಿಟ್ಟೇಳಲಿಲ್ಲ. ಮೊದಲು ನಿದ್ದೆ ಹೋದವಳು ಗಂಗಮ್ಮ, ಬಲಗೈಯನ್ನು ಮಡಿಸಿದ ಸೀರೆಯ ಮೇಲಿಟ್ಟುಕೊಂಡು.