ಇಳಿಸಿದ ಗಾಳಿ

ನಮ್ಮ ಅಪ್ಪ ಎಸ್ಟೇಟಿನ ಜೀಪ್ ಡ್ರೈವರ್. ಮೂಡಿಗೆರೆಯಿಂದ ಕಳಸದ ಕಡೆ ಹೋಗುವಾಗ ಟಾರು ರಸ್ತೆ ಬಿಟ್ಟು ಒಳಗೆ ತಿರುಗಿದರೆ ಸಿಗುವ ಒಂದು ಕಾಫಿ ತೋಟದಲ್ಲಿ, ನಾನು ಹುಟ್ಟುವ ಮೊದಲಿನಿಂದಲೂ ಅವರು ಅದೇ ಕೆಲಸದಲ್ಲಿದ್ದಾರೆ. ಒಂದು ಸಲವೂ ಗಾಡಿಯನ್ನು ಎಲ್ಲಿಗೂ ತಾಗಿಸಿದವರಲ್ಲ ಎಂದು ಸುತ್ತಲಿನ ಐದಾರು ತೋಟಗಳಲ್ಲಿ ಅವರಿಗೆ ಹೆಸರಿದೆ. ನಾವು ಬೆಳೆದ ಕ್ವಾರ್ಟರ್ಸು, ನನ್ನ ಓದು, ಎಲ್ಲವೂ ಆ ಹೆಸರಿನ ಮೇಲೆಯೇ ನಡೆದದ್ದು.

ಮಳೆಗಾಲದಲ್ಲಿ ಅಪ್ಪನ ಬೆಳಿಗ್ಗೆಗೆ ಒಂದು ಕ್ರಮವಿದೆ. ಮೊದಲು ಆಳುಗಳನ್ನು ಮೇಲಿನ ಡಿವಿಷನ್ನಿಗೆ ಬಿಡಬೇಕು. ತೋಟದ ಆ ಭಾಗ ಗುಡ್ಡದ ಮೇಲಿದೆ, ದಾರಿ ಪೂರ್ತಿ ಮಣ್ಣು. ಚಕ್ರದಲ್ಲಿ ಗಾಳಿ ಬಿಗಿಯಾಗಿದ್ದರೆ ಅದು ಕೆಸರಿನಲ್ಲಿ ನಿಂತಲ್ಲೇ ತಿರುಗುತ್ತದೆ. ಹಾಗಾಗಿ ಏರು ಶುರುವಾಗುವ ಗೇಟಿನ ಹತ್ತಿರ ಜೀಪು ನಿಲ್ಲಿಸಿ, ವಾಲ್ವಿನ ಮುಚ್ಚಳ ಬಿಚ್ಚಿ, ಒಂದು ಕಡ್ಡಿಯಿಂದ ಒಳಗಿನ ಪಿನ್ ಒತ್ತಿ ನಾಲ್ಕೂ ಚಕ್ರದ ಗಾಳಿ ಇಳಿಸುತ್ತಾರೆ. ಆಗ ಚಕ್ರ ಅಗಲವಾಗಿ ಕೂತು ನೆಲವನ್ನು ಹಿಡಿಯುತ್ತದೆ. ಎಷ್ಟು ಇಳಿಸಬೇಕೆಂಬುದಕ್ಕೆ ಅವರು ಮೀಟರ್ ನೋಡುವುದಿಲ್ಲ. ಶಬ್ದ ಕೇಳಿ, ಹೆಬ್ಬೆರಳಿನಿಂದ ಒತ್ತಿ, ಸಾಕು ಅನ್ನುತ್ತಾರೆ. ವಾಪಸು ಬರುವ ದಾರಿಯಲ್ಲಿ ಪಲ್ಪರ್ ಹೌಸ್ ಇದೆ. ಕಾಫಿ ಹಣ್ಣು ಸುಲಿಯುವ ಯಂತ್ರಗಳ ಪಕ್ಕ ಅಲ್ಲೊಂದು ಕಂಪ್ರೆಸರ್. ಅಲ್ಲಿ ಗಾಳಿ ತುಂಬಿಸಿಕೊಂಡು, ಆಳುಗಳ ಲೈನ್ ಮನೆಗಳ ಮಕ್ಕಳನ್ನು ಹತ್ತಿಸಿಕೊಂಡು, ಟಾರು ರಸ್ತೆಗೆ ಹೋಗಿ ಶಾಲೆಗೆ ಬಿಡುತ್ತಾರೆ. ಇಳಿಸುವುದು, ಏರುವುದು, ತುಂಬಿಸುವುದು, ಇಳಿಯುವುದು. ನಮ್ಮ ಕಡೆಯ ತೋಟದ ಡ್ರೈವರುಗಳೆಲ್ಲ ಹೀಗೇ ಮಾಡುತ್ತಾರೆ, ತಪ್ಪೇನೂ ಇಲ್ಲ. ಆದರೆ ತುಂಬಿಸುವುದನ್ನು ಮರೆತು ಟಾರಿಗೆ ಬಂದರೆ ಅದೇ ಮೆತ್ತಗಿನ ಚಕ್ರ ವೇಗದಲ್ಲಿ ಪಕ್ಕಕ್ಕೆ ಮಡಚಿಕೊಳ್ಳುತ್ತದೆ, ತಿರುವಿನಲ್ಲಿ ಹೇಳಿದ ಮಾತು ಕೇಳುವುದಿಲ್ಲ.

ನಾನು ಎಂ.ಎಸ್ಸಿ. ಮುಗಿಸಿ ಚಿಕ್ಕಮಗಳೂರಿನಲ್ಲಿ ಮಣ್ಣು ಪರೀಕ್ಷೆ ಮಾಡುವ ಒಂದು ಲ್ಯಾಬಿಗೆ ಸೇರಿದ್ದೆ. ವಾರವೆಲ್ಲ ಅಲ್ಲೊಂದು ರೂಮು, ಶನಿವಾರ ಮನೆ. ಎರಡು ವರ್ಷ ದುಡಿದು ಒಂದು ಹಳೆಯ ಸಣ್ಣ ಕಾರು ಕೊಂಡೆ. ಓಡಿಸಲು ಕಲಿಸಿದ್ದು ಅಪ್ಪನೇ. ಗಾಳಿ ನೋಡುವ ಪುಟ್ಟ ಗೇಜೊಂದನ್ನು ನಾನು ಕೊಂಡು ತಂದಾಗ ಅವರು ನಕ್ಕಿದ್ದರು.

"ಜ್ವರ ನೋಡೋ ಹಂಗೆ ನೋಡ್ತಾಳೆ ನೋಡು. ಬೆರಳಿಲ್ವೇನೇ ನಿಂಗೆ?"

"ಬೆರಳಿಗೆ ಇಪ್ಪತ್ತೈದೂ ಒಂದೇ, ಮೂವತ್ತೆರಡೂ ಒಂದೇ ಅಪ್ಪ."

"ನಿನ್ ಬೆರಳಿಗೆ," ಎಂದಿದ್ದರು.

ಜುಲೈ ತಿಂಗಳ ಒಂದು ಭಾನುವಾರ ಮೇಲಿನ ಡಿವಿಷನ್ನಿನ ಮೇಸ್ತ್ರಿಯ ಮನೆಯಲ್ಲಿ ಮೊಮ್ಮಗುವಿನ ನಾಮಕರಣವಿತ್ತು. ಜೀಪನ್ನು ತೋಟದ ಮಾಲೀಕರಾದ ಸಾಹುಕಾರರ ಮನೆಯ ನೆಂಟರು ತೆಗೆದುಕೊಂಡು ಹೋಗಿದ್ದರು. ಅಪ್ಪ ನನ್ನ ಕಾರಿನ ಕೀಲಿ ಕೇಳಿದರು, ಕೊಟ್ಟೆ. ಅಮ್ಮನನ್ನು ಕೂರಿಸಿಕೊಂಡು ಹೋದರು. ನಾನು ಹೋಗಲಿಲ್ಲ, ಹೆಚ್ಚು ಜನ ಸೇರುವ ಕಡೆ ನನಗೆ ಆಗುವುದಿಲ್ಲ. ಸಂಜೆ ಬಂದವರು ಕಾರನ್ನು ಮನೆಮುಂದೆ ನಿಲ್ಲಿಸಿ, "ನಿನ್ ಗಾಡಿ ಏನ್ ಕಮ್ಮಿ ಇಲ್ಲ, ಮೇಲಿನವರೆಗೂ ಹತ್ತಿಸ್ದೆ" ಎಂದರು. ಅದು ಅವರ ಮೆಚ್ಚುಗೆ. ನನಗೆ ಸಂತೋಷವೇ ಆಯಿತು.

ಮರುದಿನ ಅಮ್ಮನ ಕಣ್ಣು ತೋರಿಸಬೇಕಿತ್ತು. ಅಪ್ಪ ಆಗಲೇ ಆಳುಗಳನ್ನು ಬಿಡಲು ಹೋಗಿದ್ದರು. ನಾನು ಅಮ್ಮನನ್ನು ಕರೆದುಕೊಂಡು ಮಳೆಯಲ್ಲೇ ಚಿಕ್ಕಮಗಳೂರಿಗೆ ಹೊರಟೆ. ಶನಿವಾರ ಗಾಳಿ ನೋಡಿದ್ದೆ, ಇರಬೇಕಾದಷ್ಟೇ, ಮೂವತ್ತೆರಡಿತ್ತು. ಸೋಮವಾರ ನೋಡಲಿಲ್ಲ. ಇದನ್ನು ನಾನು ಯಾರಿಂದಲೂ ಮುಚ್ಚಿಟ್ಟಿಲ್ಲ. ನನ್ನ ಕಾರನ್ನು ಇನ್ನೊಬ್ಬರು ಓಡಿಸಿದ್ದ ಮಾರನೆಯ ದಿನ ನೋಡಬೇಕಿತ್ತು, ನೋಡಲಿಲ್ಲ. ಓಡಿಸಿದ್ದು ಅಪ್ಪ ಎಂಬ ಕಾರಣಕ್ಕೇ ನೋಡಲಿಲ್ಲ.

ಮೂಡಿಗೆರೆಯವರೆಗೆ ರಸ್ತೆ ಬರೀ ತಿರುವು, ನಿಧಾನಕ್ಕೆ ಬಂದೆವು. ಸ್ಟೀರಿಂಗ್ ಸ್ವಲ್ಪ ಭಾರ ಅನ್ನಿಸಿತು. ರಸ್ತೆ ಹಾಳಾಗಿದೆ, ಅದಕ್ಕೇ ಇರಬೇಕು ಎಂದುಕೊಂಡೆ. ಹ್ಯಾಂಡ್‌ಪೋಸ್ಟ್ ದಾಟಿದ ಮೇಲೆ ರಸ್ತೆ ಅಗಲವಾಯಿತು, ವೇಗ ಐವತ್ತೈದಕ್ಕೆ ಹೋಯಿತು. ಒಂದು ಬಲತಿರುವಿನಲ್ಲಿ ನೀರು ತೆಳ್ಳಗೆ ಹರಿಯುತ್ತಿತ್ತು. ನಾನು ಸ್ಟೀರಿಂಗ್ ತಿರುಗಿಸಿದೆ. ಕಾರು ತಿರುಗಲಿಲ್ಲ. ಒಂದು ಕ್ಷಣ ತಡೆದು ಆಮೇಲೆ ಹಿಂಭಾಗ ಜಾರಿತು. ಸಿಲ್ವರ್ ಓಕ್ ಮರವೊಂದು ಎಡಗಡೆಯಿಂದ ಹತ್ತಿರ ಬಂತು. ಅಮ್ಮ ಎಡಗೈಯನ್ನು ಮುಂದಕ್ಕೆ ಚಾಚಿದ್ದಳು. ಮಣಿಕಟ್ಟು ಮುರಿಯಿತು. ಬೆಲ್ಟ್ ಇದ್ದುದರಿಂದ ಇಬ್ಬರೂ ಉಳಿದೆವು.

ಅಮ್ಮನ ಕೈಗೆ ಪ್ಲಾಸ್ಟರ್ ಹಾಕಿಸಿ ಮುಗಿಸುವಷ್ಟರಲ್ಲಿ ಕಾರನ್ನು ಎಳೆದು ತಂದು ಮೂಡಿಗೆರೆಯ ಒಂದು ಗ್ಯಾರೇಜಿನಲ್ಲಿ ನಿಲ್ಲಿಸಿದ್ದರು. ಅಪ್ಪ ಜೀಪಿನಲ್ಲಿ ಅಲ್ಲಿಗೆ ಬಂದರು. ಮೆಕ್ಯಾನಿಕ್ ಕಾರಿನ ಸುತ್ತ ಒಂದು ಸುತ್ತು ಬಂದು ಕುಕ್ಕರಗಾಲಿನಲ್ಲಿ ಕೂತು ಗೇಜ್ ಇಟ್ಟ. ಮುಂದಿನ ಎಡಚಕ್ರ ಒಡೆದೇ ಹೋಗಿತ್ತು.

"ಉಳಿದ ಮೂರಕ್ಕೂ ಹದಿನಾರು," ಎಂದ. "ಪಂಚರ್ ಆದ್ರೆ ಒಂದಕ್ಕೆ ಆಗತ್ತೆ ಮಾರಾಯ್ರೆ. ಮೂರಕ್ಕೂ ಹದಿನಾರು ಅಂದ್ರೆ ಯಾರೋ ಇಳ್ಸಿದಾರೆ."

ನಾನು ಅಪ್ಪನ ಕಡೆ ನೋಡಿದೆ. ಅವರು ಕಾರಿನ ಬಾನೆಟ್ಟನ್ನು ನೋಡುತ್ತಿದ್ದರು.

"ಹಳೇ ಟೈರು," ಎಂದರು. "ಗಾಳಿ ನಿಲ್ಲಲ್ಲ. ಬೆಂಡಲ್ಲಿ ಬ್ರೇಕ್ ತುಳ್ದಿದಾಳೆ, ಅಷ್ಟೇ."

ಮನೆಗೆ ಬಂದ ಮೇಲೆ, ಅಮ್ಮ ಮಲಗಿದ ನಂತರ, ನಾನು ಕೇಳಿದೆ. "ಮೇಲಿನ ಡಿವಿಷನ್ನಿಗೆ ಹೋಗುವಾಗ ಗಾಳಿ ಇಳಿಸಿದ್ರಾ ಅಪ್ಪ?"

"ಭಾನುವಾರ ಪಲ್ಪರ್ ಹೌಸಿಗೆ ಬೀಗ ಹಾಕಿತ್ತು," ಎಂದರು. "ಬೆಳಿಗ್ಗೆ ಹೇಳಣ ಅನ್ಕೊಂಡೆ." ನಾನು ಇನ್ನೇನೋ ಹೇಳುವ ಮೊದಲೇ ದನಿ ಗಟ್ಟಿ ಮಾಡಿದರು. "ಗಾಡಿ ತೆಗೆಯೋರು ನೋಡ್ಕೋಬೇಕು. ನಿನ್ನತ್ರ ಮೀಟರಿತ್ತಲ್ಲ?"

ಅವರು ತಪ್ಪು ಒಪ್ಪಿಕೊಂಡದ್ದು ಅಷ್ಟೇ, ಅದೂ ಒಂದೇ ಸಲ, ನನ್ನೊಬ್ಬಳ ಮುಂದೆ.

ಅಮ್ಮನ ಕೈ ನೋಡಲು ಜನ ಬಂದರು. ಪ್ರತಿಯೊಬ್ಬರಿಗೂ ಅಪ್ಪ ಕತೆ ಹೇಳಿದರು. ಮೊದಲ ವಾರ ನಾನು ತಿರುವಿನ ಮಧ್ಯದಲ್ಲಿ ಬ್ರೇಕ್ ತುಳಿದಿದ್ದೆ, ಎರಡನೆಯ ವಾರಕ್ಕೆ ಎರಡೂ ಕಾಲಲ್ಲಿ ತುಳಿದಿದ್ದೆ, ಮೂರನೆಯ ವಾರಕ್ಕೆ ಅಕ್ಸಿಲರೇಟರನ್ನೇ ಬ್ರೇಕೆಂದುಕೊಂಡಿದ್ದೆ. ತೋಟದ ಲೆಕ್ಕ ಬರೆಯುವ ರೈಟರು ಕಾಫಿ ಕುಡಿಯುತ್ತಾ ನನ್ನನ್ನು ಕರೆದು, "ಏನಮ್ಮ, ಎಮ್ಮೆಸ್ಸಿಯಲ್ಲಿ ಬ್ರೇಕ್ ಪಾಠ ಇರ್ಲಿಲ್ವಾ?" ಎಂದರು. ಎಲ್ಲರೂ ನಕ್ಕರು. ಅಪ್ಪನೂ ನಕ್ಕರು. ಆ ಭಾನುವಾರ ಕಾರಿನಲ್ಲಿದ್ದು, ಅಪ್ಪ ಗಾಳಿ ಇಳಿಸಿದ್ದನ್ನು ಕಣ್ಣಾರೆ ಕಂಡಿದ್ದ ಅಮ್ಮ ಪ್ಲಾಸ್ಟರಿನ ಕೈಯನ್ನು ಮಡಿಲಲ್ಲಿಟ್ಟುಕೊಂಡು ಕೂತಿದ್ದಳು.

ಒಳಗೆ ಬಂದಾಗ ಅವಳು ಹೇಳಿದಳು: "ಸುಮ್ನಿರು ಕಣೇ. ಸಾವ್ಕಾರ್ರು ಆಗ್ಲೇ ಒಂದ್ಸಲ ಕೇಳಿದಾರೆ, ವಯಸ್ಸಾಯ್ತಲ್ಲ, ಸಾಕು ಮಾಡ್ತೀಯಾ ಅಂತ. ಜೀಪ್ ಹೋದ್ರೆ ಈ ಕ್ವಾರ್ಟರ್ಸೂ ಹೋಗತ್ತೆ. ನಿಂಗೇನು, ಚಿಕ್ಕಮಗಳೂರಲ್ಲಿ ರೂಮಿದೆ."

ಸುಮ್ಮನಿದ್ದೆ. ಸುಮ್ಮನಿರುವುದು ನನಗೆ ಕಷ್ಟವೂ ಅಲ್ಲ. ಕಾರನ್ನು ಗ್ಯಾರೇಜಿನವನಿಗೇ ಬಿಟ್ಟು ಬಸ್ಸಿನಲ್ಲಿ ಓಡಾಡತೊಡಗಿದೆ. ಅಪ್ಪ ನನ್ನ ಬಗ್ಗೆ ಹೇಳುವ ಕತೆಯಿಂದ ಯಾರಿಗೂ ಪೆಟ್ಟಾಗುವುದಿಲ್ಲ, ನನ್ನ ಹೆಸರು ಒಂದು ಜೋಕಾಗುತ್ತದೆ ಅಷ್ಟೇ, ಎಂದು ಲೆಕ್ಕ ಹಾಕಿದ್ದೆ.

ಆಗಸ್ಟಿನ ಒಂದು ಶನಿವಾರ ಬೆಳಿಗ್ಗೆ ಮನೆಯಲ್ಲಿದ್ದೆ. ಜೀಪು ಮೇಲಿನಿಂದ ಬಂದು ನಮ್ಮ ಕ್ವಾರ್ಟರ್ಸಿನ ಮುಂದೆ ನಿಂತಿತು. ಒಂಬತ್ತು ಮಕ್ಕಳು ಬ್ಯಾಗಿನ ಸಮೇತ ಹತ್ತುತ್ತಿದ್ದರು. ಚಕ್ರಗಳ ಅಡಿಭಾಗ ಹೊಟ್ಟೆ ಬಿಟ್ಟಂತೆ ಪಕ್ಕಕ್ಕೆ ಉಬ್ಬಿತ್ತು.

"ಅಪ್ಪ, ಗಾಳಿ?"

"ತುಂಬ್ಸಿದೀನಿ."

ನಾನು ಒಳಗಿನಿಂದ ಗೇಜ್ ತಂದು ಹಿಂದಿನ ಚಕ್ರಕ್ಕಿಟ್ಟೆ. ಹದಿನೆಂಟು. ಮುಂದಿನದೂ ಹದಿನೆಂಟು. ಅಪ್ಪ ಸೀಟಿನಿಂದ ಇಳಿಯಲಿಲ್ಲ. ಹಿಂದಕ್ಕೆ ತಿರುಗಿ ಮಕ್ಕಳಿಗೆ ಹೇಳಿದರು:

"ನೋಡ್ರೋ, ಮರಕ್ಕೆ ಗುದ್ದಿದ ಮೇಡಮ್ಮು ನಮ್ ಜೀಪ್ ಚೆಕ್ ಮಾಡ್ತಿದಾರೆ. ಪಾಸಾ ಫೇಲಾ ಕೇಳಿ."

"ಪಾಸಾ ಫೇಲಾ ಅಕ್ಕಾ?" ಎಂದು ಒಂಬತ್ತೂ ಗಂಟಲು ಕೂಗಿ ನಕ್ಕವು.

ನಾನು ಜೀಪಿನ ಮುಂದೆ ಹೋಗಿ ನಿಂತೆ. ಬೇರೆ ಏನು ಮಾಡಬೇಕೆಂದು ನನಗೆ ತಿಳಿಯಲಿಲ್ಲ. ಅಪ್ಪ ಎರಡು ಸಲ ಹಾರ್ನ್ ಹೊಡೆದರು. "ಬೆಲ್ ಹೊಡೆಯೋ ಹೊತ್ತಾಯ್ತು, ಸರಿ ಆ ಕಡೆ." ನಾನು ಸರಿಯಲಿಲ್ಲ. ಕೊನೆಗೆ ರಿವರ್ಸ್ ಹಾಕಿ ಪಲ್ಪರ್ ಹೌಸಿನ ಕಡೆ ತಿರುಗಿಸಿದರು. ಶಾಲೆಗೆ ಬಿಟ್ಟು ಬಂದ ಮೇಲೆ ನೇರವಾಗಿ ನನ್ನ ಹತ್ತಿರ ಬಂದರು.

"ಸಾವ್ಕಾರ್ರ ಹತ್ರ ಹೇಳ್ಬೇಕು ಅಂತಿದೀಯಾ? ಹೇಳು. ಆಕ್ಸಿಡೆಂಟ್ ಮಾಡ್ದೋಳು ನೀನು. ನಾನಲ್ಲ. ಯಾರ್ ನಂಬ್ತಾರೆ ನೋಡಣ."

ಆ ಗಳಿಗೆಯವರೆಗೂ ಅವರು ಹೆದರಿ ಸುಳ್ಳು ಹೇಳಿದ್ದಾರೆ ಎಂದುಕೊಂಡಿದ್ದೆ. ಆ ಸುಳ್ಳು ಇಷ್ಟು ಉಪಯೋಗಕ್ಕೆ ಬರುವುದೆಂದು ಅವರಿಗೂ ಮೊದಲು ಗೊತ್ತಿರಲಿಲ್ಲವೇನೋ.

ಮಧ್ಯಾಹ್ನ ಬಂಗಲೆಗೆ ಹೋದೆ. ಸಾಹುಕಾರರು ವರಾಂಡದಲ್ಲಿ ಪೇಪರ್ ಓದುತ್ತಿದ್ದರು. ಭಾನುವಾರದ ನಾಮಕರಣದಿಂದ ಹಿಡಿದು ಆ ಬೆಳಿಗ್ಗೆಯ ಹದಿನೆಂಟರವರೆಗೆ ಕ್ರಮವಾಗಿ ಹೇಳಿದೆ. ಅಪ್ಪನನ್ನು ಕೆಲಸದಿಂದ ತೆಗೆಯಬೇಡಿ, ಮಕ್ಕಳನ್ನು ಬಿಡುವ ಮೊದಲು ಯಾರಾದರೂ ಗಾಳಿ ನೋಡಿ ಸಹಿ ಹಾಕುವ ಹಾಗೆ ಮಾಡಿ, ಇಷ್ಟೇ ಕೇಳಿದೆ. ಅವರು ತಾಳ್ಮೆಯಿಂದ ಕೇಳಿದರು. ಆಮೇಲೆ ಪೇಪರ್ ಮಡಚಿಟ್ಟರು.

"ನಿಂಗೆ ಬೇಜಾರಾಗಿದೆ ಅಂತ ಗೊತ್ತಮ್ಮ. ಜನ ಏನೇನೋ ಆಡ್ಕೊಂಡು ನಗ್ತಾರೆ. ಹಂಗಂತ ಹೆತ್ತ ಅಪ್ಪನ ಮೇಲೆ ಹಾಕ್ಬಾರ್ದು."

"ನನ್ನ ಮಾತು ನಂಬೋದು ಬೇಡ ಸಾರ್. ಸೋಮವಾರ ಮಕ್ಕಳು ಹತ್ತುವಾಗ ನೀವೇ ಬಂದು ನೋಡಿ."

ಸೋಮವಾರ ಅವರು ಬಂದರು, ಛತ್ರಿ ಹಿಡಿದುಕೊಂಡು, ರೈಟರನ್ನೂ ಕರೆದುಕೊಂಡು. ನಾನು ರಜೆ ಹಾಕಿ ಉಳಿದಿದ್ದೆ. ಜೀಪು ಬಂತು. ಚಕ್ರಗಳನ್ನು ದೂರದಿಂದ ನೋಡಿದ ಕೂಡಲೇ ನನಗೆ ತಿಳಿಯಿತು. ರೈಟರು ಪಲ್ಪರ್ ಹೌಸಿನಿಂದ ತಂದಿದ್ದ ಮೀಟರಿಟ್ಟು ಒಂದೊಂದನ್ನೂ ಓದಿ ಹೇಳಿದರು. ಮೂವತ್ತು. ಮೂವತ್ತು. ಮೂವತ್ತು. ಮೂವತ್ತು.

ಅಪ್ಪ ಇಳಿದು, ಟೋಪಿ ತೆಗೆದು, ಸಾಹುಕಾರರ ಮುಂದೆ ನಿಂತಿದ್ದರು. ಸಾಹುಕಾರರು ಅವರ ಹೆಗಲು ತಟ್ಟಿ, "ಹೋಗು ಮಾರಾಯ, ಮಕ್ಕಳಿಗೆ ಲೇಟಾಗತ್ತೆ" ಎಂದರು. ನನ್ನ ಕಡೆ ತಿರುಗಿ ಏನೂ ಹೇಳಲಿಲ್ಲ. ಒಂದು ಮಾತಾದರೂ ಬೈದಿದ್ದರೆ ಉತ್ತರ ಕೊಡಬಹುದಿತ್ತು. ರೈಟರು ಮಾತ್ರ ದಾಟಿಹೋಗುವಾಗ, "ಡಾಕ್ಟ್ರಮ್ಮ, ಪೇಷಂಟ್ ಚೆನ್ನಾಗಿದಾನೆ" ಎಂದರು.

ಅಂದಿನಿಂದ ಅಪ್ಪ ನನ್ನೊಡನೆ ಮಾತಾಡಿಲ್ಲ. ನಾನು ಮನೆಗೆ ಹೋಗುವುದು ತಿಂಗಳಿಗೊಮ್ಮೆ ಆಯಿತು. ಹೋದಾಗ ಅವರು ಹೊರಗೆ ಕೂರುತ್ತಾರೆ, ನಾನು ಒಳಗೆ. ತೋಟದಲ್ಲಿ ಈಗ ನನ್ನ ಬಗ್ಗೆ ಎರಡು ಕತೆಗಳಿವೆ. ಕಾರನ್ನು ಮರಕ್ಕೆ ಗುದ್ದಿದವಳು ಎನ್ನುವುದು ಹಳೆಯದು. ಆ ತಪ್ಪನ್ನು ಅಪ್ಪನ ತಲೆಗೆ ಕಟ್ಟಲು ಬಂಗಲೆಯವರೆಗೂ ಹೋದವಳು ಎನ್ನುವುದು ಹೊಸದು. ಅಮ್ಮನ ಮಣಿಕಟ್ಟು ಸ್ವಲ್ಪ ಸೊಟ್ಟಗೆ ಕೂಡಿಕೊಂಡಿದೆ, ಅವಳು ಹಿಟ್ಟು ನಾದುವಾಗ ಅದನ್ನು ನೋಡುತ್ತೇನೆ. ನಿಜ ಗೊತ್ತಿರುವ ಮೂವರಲ್ಲಿ ಅವಳೊಬ್ಬಳು.

ಕಳೆದ ವಾರ ಫೋನಿನಲ್ಲಿ ಅವಳೇ ಆ ಮಾತು ತೆಗೆದಳು.

"ಈಗ ದಿನಾ ತುಂಬಿಸ್ತಾರೆ. ಒಂದಿನ ತಪ್ಪಿಸಲ್ಲ. ಮೀಟರ್ ನೋಡಿ, ರೈಟರ್ ಹತ್ರ ಗಟ್ಟಿಯಾಗಿ ಓದಿ ಹೇಳಿ ಬರ್ತಾರಂತೆ."

"ಒಳ್ಳೇದಾಯ್ತಲ್ಲ."

"ಒಳ್ಳೇದಕ್ಕೆ ಅಂತ ಮಾಡ್ತಿಲ್ಲ ಕಣೇ. ನನ್ ಮಗಳು ಇನ್ನೊಂದ್ಸಲ ಬಾಯಿ ತೆಗೀಬಾರ್ದು, ಅದಕ್ಕೇ ಅಂತ ಎಲ್ರಿಗೂ ಹೇಳ್ಕೊಂಡು ಮಾಡ್ತಿದಾರೆ."

ಹೊರಗೆ ಯಾರದೋ ಗಾಡಿ ಸ್ಟಾರ್ಟ್ ಆಗದೆ ಒದ್ದಾಡುತ್ತಿತ್ತು. ಒಂಬತ್ತು ಮಕ್ಕಳು ಮಳೆಯಲ್ಲಿ ದಿನಾ ಆ ರಸ್ತೆಯಲ್ಲಿ ಹೋಗಿ ಬರುತ್ತಾರೆ.

"ಹೇಳ್ಕೊಳ್ಲಿ ಬಿಡಮ್ಮ," ಎಂದೆ. "ತುಂಬಿಸ್ಲಿ."